ಮಾಯಾ ದೊರೆ ಪಕಾಲ್: ಕಲ್ಲಿನ ಲೆಕ್ಕ, ಮೂಳೆಯ ಲೆಕ್ಕ

ನಮ್ಮ ಪತ್ರಿಕೆಯ ಈ ಅಂಕಣದಲ್ಲಿ ಸಾಮಾನ್ಯವಾಗಿ ನಮಗೆಲ್ಲ ಗೊತ್ತಿರುವ ಮಹನೀಯರ ಬದುಕನ್ನು ಓದುತ್ತೇವೆ. ಈ ಸಲ ನಾನು ಬಹಳ ದೂರದ ಒಬ್ಬ ದೊರೆಯನ್ನು ಆರಿಸಿಕೊಂಡಿದ್ದೇನೆ. ಆತನ ಹೆಸರು ಕಿನಿಚ್ ಜನಾಬ್ ಪಕಾಲ್. ಪಕಾಲ್ ಎಂದರೆ ಮಾಯಾ ಭಾಷೆಯಲ್ಲಿ ಗುರಾಣಿ. ಈಗಿನ ಮೆಕ್ಸಿಕೋ ದೇಶದ ದಕ್ಷಿಣದಲ್ಲಿ ಚಿಯಾಪಾಸ್ ಎಂಬ ರಾಜ್ಯವಿದೆ. ಅಲ್ಲಿನ ಪಲೆಂಕೆ ನಗರವನ್ನು ಆತ ಕ್ರಿ.ಶ. 615ರಿಂದ 683ರವರೆಗೆ, ಅಂದರೆ 68 ವರ್ಷ ಆಳಿದ. ಮಾಯಾ ದೊರೆಗಳಲ್ಲಿ ಇಂದಿನ ಜಗತ್ತಿಗೆ ಹೆಚ್ಚು ಪರಿಚಯವಿರುವವನು ಇವನೇ.

ಇವನನ್ನೇ ಯಾಕೆ ಆರಿಸಿದೆ ಎಂದು ಕೇಳಬಹುದು. ಸತ್ತು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಇವನ ವಯಸ್ಸಿನ ಬಗ್ಗೆ ವಿದ್ವಾಂಸರ ನಡುವೆ ದೊಡ್ಡ ವಾದ ನಡೆಯಿತು. ಕಲ್ಲಿನ ಮೇಲೆ ಬರೆದಿದ್ದ ಲೆಕ್ಕ 80 ವರ್ಷ ಎಂದಿತು. ಮೂಳೆಗಳನ್ನು ನೋಡಿದವರು 40ರ ಆಸುಪಾಸು ಎಂದರು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಎರಡು ಪುಸ್ತಕಗಳ ಲೆಕ್ಕ ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದೇ ನಮ್ಮ ಅಕೌಂಟೆನ್ಸಿ ಪಾಠ. ಅದಕ್ಕೇ ಈ ದೊರೆಯ ಕಥೆ ನನ್ನನ್ನು ಹಿಡಿದು ಕೂರಿಸಿತು.

ಸೋತ ಊರಿನ ಹುಡುಗ

ಪಕಾಲ್ ಹುಟ್ಟಿದ್ದು 603ರ ಮಾರ್ಚ್ ತಿಂಗಳಲ್ಲಿ. ಆಗ ಆ ಊರಿಗೆ ಲಕಮ್‌ಹಾ ಎಂಬ ಹೆಸರಿತ್ತು. ದೊಡ್ಡ ನೀರು ಎಂದು ಅದರ ಅರ್ಥ. ಬೆಟ್ಟದ ಬುಡದ ಆ ಊರಿನ ನಡುವೆಯೇ ತೊರೆಗಳು ಹರಿಯುತ್ತವೆ. ಅರಮನೆಯ ಪಕ್ಕದ ತೊರೆಯನ್ನು ಅವರು ಕಲ್ಲಿನ ಕಮಾನು ಕಾಲುವೆಯೊಳಗೆ ಹರಿಸಿದ್ದರು. ಆ ಕಾಲುವೆ ಇಂದಿಗೂ ಇದೆ.

ಊರು ಚೆಂದವಿದ್ದರೂ ಕಾಲ ಕೆಟ್ಟದಾಗಿತ್ತು. ಹಾವಿನ ಚಿಹ್ನೆಯ ಕಾನುಲ್ ಎಂಬ ಬಲಿಷ್ಠ ಮನೆತನ 599ರಲ್ಲಿ ಒಮ್ಮೆ, 611ರಲ್ಲಿ ಇನ್ನೊಮ್ಮೆ ಲಕಮ್‌ಹಾದ ಮೇಲೆ ದಾಳಿ ಮಾಡಿತು. ಎರಡನೇ ದಾಳಿಯಾದಾಗ ಪಕಾಲ್ ಎಂಟು ವರ್ಷದ ಹುಡುಗ. ಮರುವರ್ಷವೇ ಅಲ್ಲಿನ ದೊರೆ ತೀರಿಕೊಂಡ. 615ರ ಜುಲೈನಲ್ಲಿ, ಹನ್ನೆರಡು ದಾಟಿದ ಪಕಾಲನನ್ನು ಪಟ್ಟಕ್ಕೆ ಕೂರಿಸಿದರು. ಅರಮನೆಯ ಗೋಡೆಯಲ್ಲಿ ಮೊಟ್ಟೆಯಾಕಾರದ ಒಂದು ಕಲ್ಲಿದೆ. ಅದರಲ್ಲಿ ತಾಯಿ ಸಾಕ್ ಕುಕ್ ತನ್ನ ಮಗನಿಗೆ ಕಿರೀಟ ಕೊಡುತ್ತಿರುವ ಚಿತ್ರ ಕೆತ್ತಿದ್ದಾರೆ. ಹುಡುಗ ಬೆಳೆಯುವವರೆಗೆ ಆಡಳಿತದಲ್ಲಿ ತಾಯಿಯ ಕೈ ಇತ್ತು ಎಂದು ವಿದ್ವಾಂಸರು ಭಾವಿಸುತ್ತಾರೆ. ಆಕೆ 640ರಲ್ಲಿ ತೀರಿಕೊಂಡಳು.

ಗೆದ್ದ ರಾಜರು ಶಾಸನ ಬರೆಸುವುದು ಎಲ್ಲ ಕಡೆ ಇದೆ. ಪಕಾಲ್ ಬರೆಸಿದ ಶಾಸನದಲ್ಲಿ ಸೋಲೂ ಇದೆ. 613ರಲ್ಲಿ ಒಂದು ದೊಡ್ಡ ಕಾಲಾವಧಿ ಮುಗಿದಾಗ ತಮ್ಮ ದೇವರುಗಳಿಗೆ ಸಲ್ಲಬೇಕಾದ ಕಾಣಿಕೆ ಸರಿಯಾಗಿ ಸಲ್ಲಲಿಲ್ಲ, ಊರಿಗೆ ದಿಕ್ಕು ತಪ್ಪಿತ್ತು ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಲಾಭವನ್ನಷ್ಟೇ ಬರೆದು ನಷ್ಟವನ್ನು ಬಿಟ್ಟ ಲೆಕ್ಕಪುಸ್ತಕವನ್ನು ನಮ್ಮ ಲೆಕ್ಚರರ್ ಒಪ್ಪುವುದಿಲ್ಲ. ಈ ಶಾಸನದಲ್ಲಿ ಎರಡೂ ಕಾಲಂ ಇವೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಕಾಲ್ ಅವಸರ ಮಾಡಲಿಲ್ಲ. 626ರಲ್ಲಿ ತ್ಸಾಕ್ಬು ಅಹಾವ್ ಎಂಬಾಕೆಯನ್ನು ಮದುವೆಯಾದ. ಆತನ ದೊಡ್ಡ ಕಟ್ಟಡಗಳೆಲ್ಲ ಎದ್ದದ್ದು ಪಟ್ಟಕ್ಕೆ ಬಂದು ಹಲವು ದಶಕಗಳಾದ ಮೇಲೆ. 654ರ ಹೊತ್ತಿಗೆ ಅರಮನೆಯ ಹೊಸ ಭಾಗ ಸಿದ್ಧವಾಯಿತು. 659ರಲ್ಲಿ ಶತ್ರುಗಳು ಸೆರೆಯಾದ ಸಂಗತಿಯನ್ನು ಅರಮನೆಯ ಇನ್ನೊಂದು ಭಾಗದಲ್ಲಿ ಬರೆಸಿದ. ಎರಡು ಸಲ ಲೂಟಿಯಾದ ಊರು ಅವನ ಕಾಲದಲ್ಲೇ ಆ ಸೀಮೆಯ ದೊಡ್ಡ ನಗರವಾಯಿತು. 672ರಲ್ಲಿ ಹೆಂಡತಿ ತೀರಿಕೊಂಡಳು. ಅದಾಗಿ ಕೆಲವು ವರ್ಷಗಳಲ್ಲಿ ಆತ ತನ್ನ ಸಮಾಧಿಯ ಕೆಲಸ ಶುರು ಮಾಡಿಸಿದ. 683ರ ಆಗಸ್ಟ್‌ನಲ್ಲಿ ಕಣ್ಣು ಮುಚ್ಚಿದ. ಕಟ್ಟಡವನ್ನು ಮುಗಿಸಿದವನು ಮಗ ಕಾನ್ ಬಹ್ಲಮ್.

ದಿನಗಳ ಲೆಡ್ಜರ್

ಅಷ್ಟು ಹಳೆಯ ಮನುಷ್ಯನ ಬದುಕಿನಲ್ಲಿ ತಿಂಗಳು ಸಹಿತ ಹೇಗೆ ಹೇಳುತ್ತೀರಿ ಎಂದು ನನ್ನ ಗೆಳತಿ ಕೇಳಿದಳು. ಉತ್ತರ ಮಾಯಾ ಜನರ ಎಣಿಕೆಯಲ್ಲಿದೆ.

ನಾವು ಹತ್ತರ ಗುಂಪಿನಲ್ಲಿ ಎಣಿಸಿದರೆ ಅವರು ಇಪ್ಪತ್ತರ ಗುಂಪಿನಲ್ಲಿ ಎಣಿಸುತ್ತಿದ್ದರು. ಒಂದಕ್ಕೆ ಒಂದು ಚುಕ್ಕೆ, ಐದಕ್ಕೆ ಒಂದು ಗೆರೆ. ಸೊನ್ನೆಗೂ ಅವರಲ್ಲಿ ಗುರುತಿತ್ತು. ದಿನಗಳನ್ನು ಎಣಿಸುವಾಗ ಮಾತ್ರ ಒಂದು ಮೆಟ್ಟಿಲಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡಿದ್ದರು. 20 ದಿನಕ್ಕೆ ಒಂದು ವಿನಾಲ್. 18 ವಿನಾಲ್‌ಗೆ, ಅಂದರೆ 360 ದಿನಕ್ಕೆ, ಒಂದು ತುನ್. 20 ತುನ್‌ಗೆ ಒಂದು ಕತುನ್, 7,200 ದಿನ. 20 ಕತುನ್‌ಗೆ ಒಂದು ಬಕ್ತುನ್, 1,44,000 ದಿನ. ಕ್ರಿ.ಪೂ. 3114ರ ಆಗಸ್ಟ್‌ನಲ್ಲಿ ಬರುವ ಒಂದು ದಿನವನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಎಷ್ಟು ದಿನ ಕಳೆಯಿತು ಎಂದು ಬರೆಯುತ್ತಿದ್ದರು.

ಪಕಾಲ್ ಹುಟ್ಟಿದ ದಿನ 9 ಬಕ್ತುನ್, 8 ಕತುನ್, 9 ತುನ್, 13 ವಿನಾಲ್, 0 ದಿನ. ಕೂಡಿ ನೋಡೋಣ. 12,96,000, 57,600, 3,240, 260. ಒಟ್ಟು 13,57,100 ದಿನ. ಪಟ್ಟಕ್ಕೆ ಬಂದ ದಿನ 13,61,608. ಸತ್ತ ದಿನ 13,86,478. ಕೊನೆಯದರಿಂದ ಮೊದಲನೆಯದನ್ನು ಕಳೆದರೆ 29,378 ದಿನ. ಅಂದರೆ 80 ವರ್ಷ ಮತ್ತು ಐದು ತಿಂಗಳು.

ಇಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಇದರ ಜೊತೆಗೆ ಇನ್ನೆರಡು ಚಕ್ರಗಳನ್ನು ಬರೆಯುತ್ತಿದ್ದರು. ಒಂದು 260 ದಿನದ್ದು, ಇನ್ನೊಂದು 365 ದಿನದ್ದು. ಇವೆರಡೂ ಒಟ್ಟಿಗೆ ಸುತ್ತಿ ಮತ್ತೆ ಅದೇ ಜೋಡಿ ಬರಲು 18,980 ದಿನ, ಅಂದರೆ ಸುಮಾರು 52 ವರ್ಷ ಬೇಕು. ಇದು ನಮ್ಮ ಲಘುತ್ತಮ ಸಾಮಾನ್ಯ ಅಪವರ್ತ್ಯವೇ. ಉದ್ದ ಎಣಿಕೆಯಲ್ಲಿ ಕೆತ್ತುವವನು ಒಂದು ಚುಕ್ಕೆ ತಪ್ಪಿದರೂ ಈ ಜೋಡಿ ತಾಳೆಯಾಗುವುದಿಲ್ಲ. ತಪ್ಪು ತಾನಾಗಿಯೇ ಹೊರಗೆ ಬೀಳುತ್ತದೆ. ಟ್ರಯಲ್ ಬ್ಯಾಲೆನ್ಸ್ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

29ರ ಸಂಜೆಯ ಚಂದ್ರ

ಈ ಲೆಕ್ಕದ ಜೊತೆಗೆ ಅವರು ಚಂದ್ರನನ್ನೂ ಸೇರಿಸುತ್ತಿದ್ದರು. ನನಗೆ ತುಂಬ ಇಷ್ಟವಾದ ಭಾಗ ಇದು.

ನಮ್ಮ ಮನೆಯಲ್ಲಿ ರಮಜಾನ್ 29ರ ಸಂಜೆ ಎಲ್ಲರೂ ತಾರಸಿಗೆ ಹೋಗುತ್ತೇವೆ. ಚಾಂದ್ ಕಂಡರೆ ತಿಂಗಳು 29 ದಿನಕ್ಕೆ ಮುಗಿಯಿತು. ಕಾಣದಿದ್ದರೆ 30 ಪೂರ್ತಿ ಮಾಡಬೇಕು. ಮಾಯಾ ಜನ ಇದೇ ಪ್ರಶ್ನೆಯನ್ನು ಕಲ್ಲಿನ ಮೇಲೆ ಬರೆದು ಉತ್ತರಿಸುತ್ತಿದ್ದರು. ಮುಖ್ಯವಾದ ಶಾಸನಗಳಲ್ಲಿ ದಿನಾಂಕದ ಪಕ್ಕದಲ್ಲೇ ಕೆಲವು ಚಿಕ್ಕ ಅಕ್ಷರಚಿತ್ರಗಳಿರುತ್ತವೆ. ಅಂದು ಚಂದ್ರನಿಗೆ ಎಷ್ಟು ದಿನ, ಆರು ತಿಂಗಳ ಗುಂಪಿನಲ್ಲಿ ಇದು ಎಷ್ಟನೆಯ ತಿಂಗಳು, ಈ ತಿಂಗಳಿಗೆ 29 ದಿನವೋ 30 ದಿನವೋ ಎಂಬುದನ್ನೆಲ್ಲ ಅವು ಹೇಳುತ್ತವೆ. ಆರರ ಗುಂಪಿಗೂ ಕಾರಣವಿದೆ. ಗ್ರಹಣಗಳು ಹೆಚ್ಚಾಗಿ ಆರು ಚಾಂದ್ರಮಾಸಗಳ ಅಂತರದಲ್ಲಿ ಬರುತ್ತವೆ.

ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸರಾಸರಿ 29.53059 ದಿನ. ಮಾಯಾ ಗಣಿತದಲ್ಲಿ ದಶಮಾಂಶ ಇರಲಿಲ್ಲ, ಭಿನ್ನರಾಶಿಯೂ ಇರಲಿಲ್ಲ. ಅರ್ಧ ದಿನವನ್ನು ಬರೆಯುವ ದಾರಿಯೇ ಇಲ್ಲದವರು ಇದನ್ನು ಹೇಗೆ ಹಿಡಿದರು? ಪೂರ್ಣ ಸಂಖ್ಯೆಗಳಿಂದಲೇ ಹಿಡಿದರು. ಪಲೆಂಕೆಯ ಲೆಕ್ಕದಲ್ಲಿ 81 ಚಾಂದ್ರಮಾಸಗಳಿಗೆ 2,392 ದಿನ. ಅದರಲ್ಲಿ 30 ದಿನದ ತಿಂಗಳು 43, 29 ದಿನದ ತಿಂಗಳು 38. ಕ್ಯಾಲ್ಕುಲೇಟರ್‌ನಲ್ಲಿ ಭಾಗಿಸಿದರೆ 29.53086 ಬರುತ್ತದೆ. ತಿಂಗಳಿಗೆ ವ್ಯತ್ಯಾಸ ಸುಮಾರು 24 ಸೆಕೆಂಡು ಮಾತ್ರ. ಈಗಿನ ಹೊಂಡುರಾಸ್ ದೇಶದಲ್ಲಿರುವ ಕೋಪಾನ್ ನಗರದವರ ಲೆಕ್ಕ ಬೇರೆ. ಅವರದು 149 ತಿಂಗಳಿಗೆ 4,400 ದಿನ. ಅದೂ ಅಷ್ಟೇ ಹತ್ತಿರ ಬರುತ್ತದೆ. ಈ ಲೆಕ್ಕಗಳನ್ನು ಶಾಸನಗಳಿಂದ ಬಿಡಿಸಿ 1930ರಲ್ಲಿ ಪ್ರಕಟಿಸಿದವರು ಜಾನ್ ಟೀಪಲ್. ವೃತ್ತಿಯಲ್ಲಿ ಅವರು ರಾಸಾಯನಿಕ ಎಂಜಿನಿಯರ್.

ಪಕಾಲನ ಕಾಲದಲ್ಲಿ ಇದು ಎಷ್ಟನೆಯ ತಿಂಗಳು ಎಂಬುದರಲ್ಲಿ ಒಂದೊಂದು ನಗರ ಒಂದೊಂದು ರೀತಿ ಎಣಿಸುತ್ತಿತ್ತು. ಅವನು ಸತ್ತ ಕೆಲವೇ ವರ್ಷಗಳಲ್ಲಿ, ಸುಮಾರು 687ರಿಂದ, ಬಹಳಷ್ಟು ನಗರಗಳು ಒಂದೇ ಎಣಿಕೆಗೆ ಬಂದವು. ಏಳು ದಶಕದಷ್ಟು ಕಾಲ ಆ ಒಮ್ಮತ ಉಳಿಯಿತು. ಕರಾವಳಿಯಲ್ಲಿ ಒಂದು ದಿನ, ಬೆಂಗಳೂರಿನಲ್ಲಿ ಮರುದಿನ ಈದ್ ಆಗುವುದನ್ನು ನೋಡಿದ ನಮಗೆ ಇದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತು.

ಎಷ್ಟೋ ಶತಮಾನಗಳ ನಂತರ ಬರೆದ ಒಂದು ಮಾಯಾ ಪುಸ್ತಕ ಈಗ ಜರ್ಮನಿಯ ಡ್ರೆಸ್ಡನ್ ಗ್ರಂಥಾಲಯದಲ್ಲಿದೆ. ಅದರ ಗ್ರಹಣದ ಪಟ್ಟಿಯಲ್ಲಿ 405 ತಿಂಗಳಿಗೆ 11,960 ದಿನ. ಪಲೆಂಕೆಯ 2,392ನ್ನು ಐದರಿಂದ ಗುಣಿಸಿ ನೋಡಿ, ಅದೇ ಉತ್ತರ ಬರುತ್ತದೆ.

ಸಮಾಧಿ ತೆರೆದಾಗ

ಪಲೆಂಕೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಎತ್ತರದ ಪಿರಮಿಡ್ ಇದೆ. ಅದರ ತುದಿಯ ಗುಡಿಯ ಗೋಡೆಗಳಲ್ಲಿ ಮೂರು ದೊಡ್ಡ ಶಾಸನಫಲಕಗಳಿವೆ. ಅವುಗಳಲ್ಲಿ 600ಕ್ಕೂ ಹೆಚ್ಚು ಅಕ್ಷರಚಿತ್ರಗಳಿರುವುದರಿಂದ ಅದಕ್ಕೆ ಶಾಸನಗಳ ಗುಡಿ ಎಂದೇ ಹೆಸರು. ಮೆಕ್ಸಿಕೋದ ಪುರಾತತ್ವಜ್ಞ ಅಲ್ಬರ್ಟೊ ರೂಸ್ ಆ ಗುಡಿಯ ನೆಲದ ಒಂದು ಚಪ್ಪಡಿಯಲ್ಲಿ ಸಾಲಾಗಿ ರಂಧ್ರಗಳಿರುವುದನ್ನು ಗಮನಿಸಿದರು. ಚಪ್ಪಡಿ ಎತ್ತಿದಾಗ ಕೆಳಗೆ ಮೆಟ್ಟಿಲುಗಳಿದ್ದವು. ಅಷ್ಟೂ ಮೆಟ್ಟಿಲುಗಳನ್ನು ಕಲ್ಲು ಮಣ್ಣಿನಿಂದ ಗಟ್ಟಿಯಾಗಿ ತುಂಬಿದ್ದರು. ಅದನ್ನು ತೆಗೆಯಲು ಹಲವು ವರ್ಷ ಹಿಡಿಯಿತು. 1952ರ ಜೂನ್ 15ರಂದು ಅವರು ಪಿರಮಿಡ್ಡಿನ ಹೊಟ್ಟೆಯೊಳಗಿನ ಕೋಣೆಗೆ ಕಾಲಿಟ್ಟರು. ಅಲ್ಲಿ ಒಂದು ಕಲ್ಲಿನ ಪೆಟ್ಟಿಗೆ ಇತ್ತು. ಅದರ ಮುಚ್ಚಳ ಸುಮಾರು 3.8 ಮೀಟರ್ ಉದ್ದದ ಒಂದೇ ಕಲ್ಲು. ಒಳಗೆ ಹಸಿರು ಜೇಡ್ ಕಲ್ಲಿನ ಚೂರುಗಳಿಂದ ಮಾಡಿದ ಮುಖವಾಡ ಧರಿಸಿ ದೊರೆ ಮಲಗಿದ್ದ.

ಆ ಮುಖವಾಡ 1985ರಲ್ಲಿ ಮೆಕ್ಸಿಕೋ ನಗರದ ವಸ್ತುಸಂಗ್ರಹಾಲಯದಿಂದ ಕಳುವಾಗಿ 1989ರಲ್ಲಿ ಮತ್ತೆ ಸಿಕ್ಕಿತು. ಮುಚ್ಚಳದ ಮೇಲಿನ ಚಿತ್ರವನ್ನು ರಾಕೆಟ್ಟಿನಲ್ಲಿ ಕುಳಿತ ಗಗನಯಾತ್ರಿ ಎಂದು ತೋರಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಅದು ರಾಕೆಟ್ ಅಲ್ಲ. ಸತ್ತ ದೊರೆ, ಅವನ ಹಿಂದೆ ಮಾಯಾ ಜನರ ಪವಿತ್ರ ಮರ, ಕೆಳಗೆ ಪಾತಾಳದ ಬಾಯಿ. ಅದೇ ಮುಚ್ಚಳದ ಅಂಚಿನಲ್ಲಿ ಅವನು ಹುಟ್ಟಿದ ದಿನ, ಸತ್ತ ದಿನ ಎರಡನ್ನೂ ಕೆತ್ತಿದ್ದಾರೆ. ಓದಬೇಕಾದದ್ದು ಅದನ್ನು.

ಯಾವ ಪುಸ್ತಕ ಸರಿ?

ಮೂಳೆಗಳನ್ನು ಪರೀಕ್ಷಿಸಿದ ತಜ್ಞರು ಇವನಿಗೆ 40ರಿಂದ 50 ವರ್ಷ ಎಂದರು. ಹಲ್ಲುಗಳು ಅಷ್ಟಾಗಿ ಸವೆದಿರಲಿಲ್ಲ. ಆಗಿನ್ನೂ ಮಾಯಾ ಲಿಪಿಯನ್ನು ಪೂರ್ತಿ ಓದಲು ಬರುತ್ತಿರಲಿಲ್ಲ. 1973ರ ಡಿಸೆಂಬರಿನಲ್ಲಿ ಪಲೆಂಕೆಯಲ್ಲೇ ಒಂದು ಸಭೆ ನಡೆಯಿತು. ಅಲ್ಲಿ ಚಿತ್ರಕಲೆಯ ಅಧ್ಯಾಪಕಿ ಲಿಂಡಾ ಶೀಲೆ, ಇನ್ನೂ ಪದವಿ ಓದುತ್ತಿದ್ದ ಪೀಟರ್ ಮ್ಯಾಥ್ಯೂಸ್, ಭಾಷಾವಿಜ್ಞಾನಿ ಫ್ಲಾಯ್ಡ್ ಲೌನ್ಸ್‌ಬರಿ ಒಟ್ಟಿಗೆ ಕೂತರು. ಒಂದು ಮಧ್ಯಾಹ್ನದಲ್ಲಿ ಪಲೆಂಕೆಯ ದೊರೆಗಳ ಸಾಲನ್ನು ದಿನಾಂಕಗಳ ಸಮೇತ ಜೋಡಿಸಿದರು. ಆ ಲೆಕ್ಕದಲ್ಲಿ ಪಕಾಲ್ ಸತ್ತಾಗ 80 ದಾಟಿದ್ದ.

ರೂಸ್ ಇದನ್ನು ಒಪ್ಪಲಿಲ್ಲ. ಕೈಯಾರೆ ಮೂಳೆ ಎತ್ತಿದವರು ಅವರು. ದಿನಾಂಕಗಳನ್ನು ಅವರು ಬೇರೆ ರೀತಿ ಓದಿದರು. ದೊರೆಗಳು ಹೆಮ್ಮೆಗಾಗಿ ವಯಸ್ಸು ಹೆಚ್ಚಿಸಿ ಬರೆಸಿರಬಹುದು ಎಂದು ಸಂಶಯಪಟ್ಟವರೂ ಇದ್ದರು.

ಇಲ್ಲಿ ನಾನೇ ಪೆನ್ನು ಹಿಡಿದು ಒಂದು ಲೆಕ್ಕ ಮಾಡಿದೆ. ಸಮಾಧಿಯ ಅಂಚಿನಲ್ಲಿರುವುದು 52 ವರ್ಷಕ್ಕೊಮ್ಮೆ ಮರಳಿ ಬರುವ ಜೋಡಿ ದಿನಾಂಕ. ಆ ಎರಡು ದಿನಾಂಕಗಳ ನಡುವಿನ ಅಂತರ 10,398 ದಿನ ಇರಬಹುದು, ಇಲ್ಲವೇ ಅದಕ್ಕೆ 18,980 ಕೂಡಿಸಿದರೆ 29,378, ಇನ್ನೊಮ್ಮೆ ಕೂಡಿಸಿದರೆ 48,358. ವರ್ಷಗಳಲ್ಲಿ ಹೇಳುವುದಾದರೆ 28, 80 ಅಥವಾ 132. ಅವು ಹುಟ್ಟು ಸಾವಿನ ದಿನಾಂಕಗಳಾಗಿದ್ದರೆ 40 ಬರುವ ದಾರಿಯೇ ಇಲ್ಲ. ಅದೇ ಅಂಚಿನಲ್ಲಿ ನಾಲ್ಕು ಕತುನ್‌ಗಳು ಮುಗಿದ ಲೆಕ್ಕವೂ ಇದೆ. ಒಂದು ಕತುನ್‌ಗೆ ಸುಮಾರು 20 ವರ್ಷ. 28 ವರ್ಷದಲ್ಲಿ ನಾಲ್ಕು ಕತುನ್ ಮುಗಿಯುವುದಿಲ್ಲ. 80 ವರ್ಷದಲ್ಲಿ 613, 633, 652, 672 ಹೀಗೆ ಸರಿಯಾಗಿ ನಾಲ್ಕು ಮುಗಿಯುತ್ತವೆ. ಇದು ಸಾಲದಿದ್ದರೆ ಅರಮನೆಯ ಮೆಟ್ಟಿಲುಗಳಲ್ಲಿ ಹುಟ್ಟಿದ ದಿನವನ್ನು ಉದ್ದ ಎಣಿಕೆಯಲ್ಲೇ ಪೂರ್ತಿ ಬರೆದಿದ್ದಾರೆ. ಸುಳ್ಳು ಹೇಳಬೇಕೆಂದರೆ ಮೆಟ್ಟಿಲು, ಗುಡಿ, ಸಮಾಧಿ ಎಲ್ಲ ಕಡೆ ಒಂದೇ ಸುಳ್ಳನ್ನು ಎಲ್ಲ ಚಕ್ರಗಳೂ ಹೊಂದುವಂತೆ ಕೆತ್ತಬೇಕು. ಸೋಲನ್ನೂ ಬರೆಸಿದ ದೊರೆ ಇಷ್ಟು ಕಷ್ಟಪಟ್ಟು ವಯಸ್ಸಿನ ವಿಷಯದಲ್ಲಿ ಮಾತ್ರ ಸುಳ್ಳು ಬರೆಸಿದ ಎಂದು ನನಗೆ ಅನಿಸುವುದಿಲ್ಲ.

ಹಾಗಾದರೆ ಮೂಳೆ ಸುಳ್ಳು ಹೇಳಿತೇ? ಇಲ್ಲ. ಪ್ರಥಮ ಪಿಯುಸಿಯಲ್ಲಿ ನಾವು ಬಿಆರ್‌ಎಸ್ ಮಾಡುತ್ತೇವೆ. ನಗದು ಪುಸ್ತಕಕ್ಕೂ ಬ್ಯಾಂಕ್ ಪಾಸ್‌ಬುಕ್ಕಿಗೂ ವ್ಯತ್ಯಾಸ ಬಂದರೆ ಯಾರೋ ಕಳ್ಳರು ಎಂದು ಕೂಗುವುದಿಲ್ಲ, ವ್ಯತ್ಯಾಸದ ಕಾರಣ ಹುಡುಕುತ್ತೇವೆ. ಇಲ್ಲಿಯೂ ಕಾರಣ ಸಿಕ್ಕಿತು. ಮೂಳೆ ನೋಡಿ ವಯಸ್ಸು ಹೇಳುವ ಹಳೆಯ ವಿಧಾನಗಳು ಮುದುಕರ ವಯಸ್ಸನ್ನು ಕಡಿಮೆ ತೋರಿಸುತ್ತಿದ್ದವು. ದೊರೆ ಮೆತ್ತನೆಯ ಊಟ ಮಾಡಿರುವುದರಿಂದ ಹಲ್ಲು ಸವೆಯದಿರಬಹುದು. ಹೊಸ ವಿಧಾನಗಳಿಂದ ಅದೇ ಮೂಳೆಗಳನ್ನು ಮತ್ತೆ ಪರೀಕ್ಷಿಸಿದ ವಿಜ್ಞಾನಿಗಳ ವರದಿಗಳು 2006ರಲ್ಲಿ ಪುಸ್ತಕವಾಗಿ ಬಂದವು. 40 ಎಂಬ ಅಂದಾಜು ನಿಲ್ಲಲಿಲ್ಲ. ಪೆಟ್ಟಿಗೆಯಲ್ಲಿದ್ದವನು ವಯಸ್ಸಾದ ಮನುಷ್ಯನೇ. ರೂಸ್ ಅಷ್ಟರೊಳಗೆ, 1979ರಲ್ಲಿ, ತೀರಿಕೊಂಡಿದ್ದರು. ಅವರ ಸಮಾಧಿಯೂ ಪಲೆಂಕೆಯಲ್ಲಿ, ಅವರೇ ತೆರೆದ ಆ ಗುಡಿಯ ಎದುರಿಗೇ ಇದೆ.

ವಯಸ್ಸನ್ನು ಅಂದಾಜು ಮಾಡುವುದು ಏನೆಂದು ನಮ್ಮ ದಾದಿಯನ್ನು ನೋಡಿ ನನಗೆ ಗೊತ್ತು. ಅವರು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಶಬೆ ಬರಾತ್ ಆಗಿ ಕೆಲವು ದಿನಕ್ಕೆ ಹುಟ್ಟಿದ್ದು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ತಿಂಗಳ ಚಂದ್ರ ಗೊತ್ತು, ವರ್ಷ ಗೊತ್ತಿಲ್ಲ. ಅವರ ಕಾರ್ಡಿನಲ್ಲಿ ಜನವರಿ 1 ಎಂದಿದೆ. ಮುಖ ನೋಡಿ ಯಾರೋ ಬರೆದುಕೊಂಡ ವರ್ಷ ಅದು. ಆ ಬರಹದ ಪ್ರಕಾರ ಅವರು ತಮ್ಮ ತಂಗಿಗಿಂತ ಚಿಕ್ಕವರು. ವೃದ್ಧಾಪ್ಯ ವೇತನ ಅವರಿಗೆ ಬರಬೇಕಾದ ಕಾಲಕ್ಕಿಂತ ತಡವಾಗಿ ಬಂತು. ನಮ್ಮ ಕ್ಲಾಸಿನಲ್ಲಿ ಕೇಳಿ ನೋಡಿ, ಅರ್ಧ ಜನರ ಮನೆಯಲ್ಲಿ ಜನವರಿ 1 ಅಥವಾ ಜೂನ್ 1ರಂದು ಹುಟ್ಟಿದ ಹಿರಿಯರಿದ್ದಾರೆ. ಲಕಮ್‌ಹಾದಲ್ಲಿ ಆ ಕಲ್ಲುಗಳನ್ನು ಹೊತ್ತು ತಂದ ಕೂಲಿಯವರ ಹುಟ್ಟಿದ ದಿನವನ್ನೂ ಯಾರೂ ಕೆತ್ತಲಿಲ್ಲ. ಬರೆದಿಟ್ಟ ದಿನಾಂಕ ಆಗ ದೊರೆಗಳ ಸೊತ್ತಾಗಿತ್ತು.

ಇನ್ನೂ ಬಾರದ ದಿನ

ಪಕಾಲನ ಗುಡಿಯ ಶಾಸನದಲ್ಲಿ ಮುಂದಿನ ಕಾಲದ ಒಂದು ದಿನಾಂಕವೂ ಇದೆ. ಅವನು ಪಟ್ಟಕ್ಕೆ ಬಂದ ಜೋಡಿ ದಿನ 52 ವರ್ಷಕ್ಕೊಮ್ಮೆ ಮರಳಿ ಬರುತ್ತದಲ್ಲ, ಅದು ಎಂಬತ್ತನೇ ಸಲ ಬರುವುದು ಯಾವಾಗ ಎಂದು ಲೆಕ್ಕ ಹಾಕಿದ್ದಾರೆ. 18,980ನ್ನು 80ರಿಂದ ಗುಣಿಸಿದರೆ 15,18,400. ಪಟ್ಟದ ದಿನವಾದ 13,61,608ಕ್ಕೆ ಕೂಡಿಸಿದರೆ 28,80,008. ಈಗ 20 ಬಕ್ತುನ್ ಎಷ್ಟೆಂದು ನೋಡಿ, 28,80,000. ಒಂದು ಮಹಾ ಅವಧಿ ಮುಗಿದು ಸರಿಯಾಗಿ ಎಂಟನೇ ದಿನಕ್ಕೆ ದೊರೆಯ ವಾರ್ಷಿಕೋತ್ಸವ. ಆ ದಿನ ಬರುವುದು ಕ್ರಿ.ಶ. 4772ರ ಅಕ್ಟೋಬರಿನಲ್ಲಿ. ನಾವು ಮಕ್ಕಳಾಗಿದ್ದಾಗ, 2012ರಲ್ಲಿ ಮಾಯಾ ಕ್ಯಾಲೆಂಡರ್ ಮುಗಿದು ಲೋಕವೇ ಮುಳುಗುತ್ತದೆ ಎಂದು ಟಿವಿಯವರು ಹೆದರಿಸಿದ್ದರೆಂದು ಅಬ್ಬಾ ಹೇಳುತ್ತಾರೆ. ಅಂದು ಮುಗಿದದ್ದು 13ನೇ ಬಕ್ತುನ್ ಅಷ್ಟೇ. ಮರುದಿನ ಎಣಿಕೆ ಮತ್ತೆ ಒಂದರಿಂದ ಮುಂದುವರಿಯಿತು.

ಪಲೆಂಕೆಯಲ್ಲಿ ಸಿಕ್ಕಿರುವ ಕೊನೆಯ ದಿನಾಂಕ 799ರದು. ಅದಾದ ಮೇಲೆ ಊರು ಬರಿದಾಗಿ ಕಾಡು ಬೆಳೆಯಿತು. ಜನ ಮಾತ್ರ ಎಲ್ಲೂ ಮಾಯವಾಗಲಿಲ್ಲ. ಇಂದಿಗೂ ಚಿಯಾಪಾಸ್‌ನಲ್ಲಿ ಮಾಯಾ ಭಾಷೆಗಳನ್ನು ಆಡುವ ಲಕ್ಷಾಂತರ ಜನರಿದ್ದಾರೆ. ಪಕ್ಕದ ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ 260 ದಿನಗಳ ಎಣಿಕೆಯನ್ನು ಹಿರಿಯರು ಈಗಲೂ ದಿನ ತಪ್ಪದೆ ನಡೆಸಿಕೊಂಡು ಬರುತ್ತಿದ್ದಾರೆ.

ಇದನ್ನೆಲ್ಲ ಓದಿದ ಮೇಲೆ ನಾನು ಮನೆಯಲ್ಲಿ ಒಂದು ಕೆಲಸ ಶುರು ಮಾಡಿದ್ದೇನೆ. ದಾದಿಯನ್ನು ಕೂರಿಸಿಕೊಂಡು, ಅವರ ಮದುವೆ, ಮಕ್ಕಳು ಹುಟ್ಟಿದ್ದು, ಮನೆ ಕಟ್ಟಿದ್ದು ಇವೆಲ್ಲ ಯಾವ ಹಬ್ಬಕ್ಕೆ ಎಷ್ಟು ದಿನ ಮುಂಚೆ, ಎಷ್ಟು ದಿನ ನಂತರ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಎರಡು ಸುದ್ದಿ ಒಂದಕ್ಕೊಂದು ತಾಳೆಯಾದ ಕಡೆ ಟಿಕ್ ಹಾಕುತ್ತೇನೆ. ಇಲ್ಲಿಯವರೆಗೆ ನಾಲ್ಕು ಟಿಕ್ ಆಗಿವೆ. ನಿಮ್ಮ ಮನೆಯಲ್ಲೂ ದಾದಿ, ನಾನಿ, ಅಜ್ಜಿ ಇದ್ದರೆ ಈ ರಜೆಯಲ್ಲಿ ಕೇಳಿ ಬರೆದುಕೊಳ್ಳಿ. ಬರೆದ ಪುಟದ ಮೇಲೆ ಆ ದಿನದ ತಾರೀಖನ್ನೂ ಹಾಕಿ.